ಅತ್ತಿಗುಪ್ಪೆಯ ತಾರಸಿ ಕುಕ್ಕುಟಪಾಲಕ

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ, ಅದರಲ್ಲೂ ವಿಜಯನಗರಕ್ಕೂ ಚಂದ್ರಾ ಲೇಔಟಿಗೂ ನಡುವೆ ಒತ್ತಿಕೊಂಡಂತಿರುವ ಅತ್ತಿಗುಪ್ಪೆಯಲ್ಲಿ, ತಾರಸಿ ಕುಕ್ಕುಟಪಾಲಕ ಎಂದು ಕರೆಯಬಹುದಾದ ಒಂದು ಮಾನವವರ್ಗವು ಕಂಡುಬರುತ್ತದೆ. 30×40 ಅಡಿಯ ನಿವೇಶನದಲ್ಲಿ ಮೂರು ಅಂತಸ್ತು ಕಟ್ಟಿ, ಕೆಳಗಿನ ಎರಡನ್ನು ಬಾಡಿಗೆಗೆ ಕೊಟ್ಟು, ಮೇಲಿನದರಲ್ಲಿ ತಾನಿದ್ದು, ಅದಕ್ಕೂ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು ಹಾಗೂ ಬಟ್ಟೆ ಒಣಹಾಕುವ ತಂತಿಗಳು ಬಿಟ್ಟುಕೊಟ್ಟ ಜಾಗದಲ್ಲಿ ಕೋಳಿ ಸಾಕುವ ನಿವೃತ್ತ ಗೃಹಸ್ಥನಿಗೆ ಈ ಹೆಸರು ಸಲ್ಲುತ್ತದೆ. ಈ ವರ್ಗದವರು ಕೋಳಿ ವ್ಯಾಪಾರಿಗಳಲ್ಲ, ಕೋಳಿ ಅಂಕದ ಶೋಕಿಯವರೂ ಅಲ್ಲ; ನಾಗಮಂಗಲ, ಕುಣಿಗಲ್, ಮಾಗಡಿಗಳ ಕಡೆಯಿಂದ ಪ್ರಾಯದಲ್ಲಿ ಸರ್ಕಾರಿ ಕೆಲಸ ಹಿಡಿದು ನಗರಕ್ಕೆ ಬಂದು, ಮಕ್ಕಳನ್ನು ಓದಿಸಿ, ಸಾಲ ತೀರಿಸಿ, ನಿವೃತ್ತಿಯ ಮಾರನೆಯ ದಿನ ಬೆಳಿಗ್ಗೆ ಮಾಡಲು ಏನೂ ಕೆಲಸವಿಲ್ಲವೆಂಬುದನ್ನು ಗಮನಿಸಿ ಗಾಬರಿಗೊಂಡವರು. ಇಲ್ಲಿಯ ವಿವರಣೆಯು ಮುಖ್ಯವಾಗಿ ಒಬ್ಬ ಪಾಲಕರ ನಿಕಟ ವೀಕ್ಷಣೆಯನ್ನು ಆಧರಿಸಿದೆ. ಅವರ ಕೋಳಿಗೂಡಿಗೂ ಪ್ರಬಂಧಕಾರನ ಮಲಗುವ ಕೋಣೆಯ ಕಿಟಕಿಗೂ ಎರಡು ಮಾರು ಅಂತರವಿರುವುದರಿಂದ ವೀಕ್ಷಣೆಯು ಅಗತ್ಯಕ್ಕಿಂತ ಹೆಚ್ಚು ನಿಕಟವಾಗಿದೆ. ಪ್ರಬಂಧದ ನಿಷ್ಪಕ್ಷಪಾತಕ್ಕೆ ಎಲ್ಲಿಯಾದರೂ ಭಂಗ ಬಂದಂತೆ ಕಂಡರೆ ಆ ಎರಡು ಮಾರುಗಳೇ ಅದಕ್ಕೆ ಹೊಣೆ.

ಈ ವರ್ಗದ ಮೊದಲ ಲಕ್ಷಣವೆಂದರೆ ತಾವು ಕೋಳಿ ಸಾಕುತ್ತಿರುವುದು ಉಳಿತಾಯಕ್ಕಾಗಿ ಎಂಬ ದೃಢವಾದ ನಂಬಿಕೆ. ಉದಾಹೃತ ಪಾಲಕರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ, ಅಂದರೆ ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರ ಕೆಳಗೆ ಕಡತಗಳ ಮೇಲ್ವಿಚಾರಣೆ ನಡೆಸುವ ಹುದ್ದೆಯಲ್ಲಿ ನಿವೃತ್ತರಾದವರಾದುದರಿಂದ, ಈ ನಂಬಿಕೆಗೆ ಆಧಾರವಾಗಿ ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟಿದ್ದಾರೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು, ಅಂದರೆ 1982ರಲ್ಲಿ ಕೋಳಿ ಸಾಕಣೆದಾರರೇ ಸೇರಿ ಕಟ್ಟಿಕೊಂಡು ಮೊಟ್ಟೆಯ ದರವನ್ನು ಸೂಚಿಸುತ್ತ ಬಂದಿರುವ ಸಂಸ್ಥೆಯು, ಪ್ರಕಟಿಸುವ ಅಂದಂದಿನ ದರವನ್ನು ಅವರು ಒಂದು ಕಾಲಮಿನಲ್ಲಿ ಬರೆದು, ತಮ್ಮ ತಾರಸಿಯಲ್ಲಿ ದೊರೆತ ಮೊಟ್ಟೆಗಳನ್ನು ಅದರಿಂದ ಗುಣಿಸಿ, ಬಂದ ಮೊತ್ತವನ್ನು ಆದಾಯವೆಂದು ನಮೂದಿಸುತ್ತಾರೆ. ವೆಚ್ಚದ ಪುಟವು ಅಷ್ಟು ಸರಳವಾಗಿಲ್ಲ. ಹಳ್ಳಿಯ ನಾಟಿ ಕೋಳಿ ಹಿತ್ತಲನ್ನು ಕೆದಕಿ, ಹುಳು ಹೆಕ್ಕಿ, ಕಣದಲ್ಲಿ ಚೆಲ್ಲಿದ ರಾಗಿ ತಿಂದು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುವುದರಿಂದ ಅದರ ಮೊಟ್ಟೆ ಬಿಟ್ಟಿಯಾಗಿ ಬಂದಂತೆ. ತಾರಸಿಯ ಸಿಮೆಂಟಿನಲ್ಲಿ ಕೆದಕಲು ಏನೂ ಇಲ್ಲವಾದ್ದರಿಂದ ಪ್ರತಿ ಕಾಳೂ ಅಂಗಡಿಯಿಂದಲೇ ಮೆಟ್ಟಿಲು ಹತ್ತಬೇಕು. ನಾಟಿ ಹೇಂಟೆಯೊಂದು ದಿನಕ್ಕೆ 100 ಗ್ರಾಂ ತಿಂದರೆ ವರ್ಷಕ್ಕೆ 36 ಕಿಲೋ ಮೀರುತ್ತದೆ. ಅದು ವರ್ಷಕ್ಕೆ ಇಡುವುದು 60ರ ಆಸುಪಾಸಿನ ಮೊಟ್ಟೆಗಳನ್ನಾದ್ದರಿಂದ ಒಂದು ಮೊಟ್ಟೆಗೆ 600 ಗ್ರಾಂ ಆಹಾರ ಸಂದಾಯವಾಯಿತು. ಗೂಡು ಮಾಡಿದ ಬಡಗಿಯ ಕೂಲಿ, ಹದ್ದು ಎರಗದಂತೆ ಕಟ್ಟಿಸಿದ ಬಲೆ, ಚಳಿಗಾಲಕ್ಕೆ ನೇತುಹಾಕಿದ ಬಲ್ಬು, ಹೆಬ್ಬಾಳಕ್ಕೆ ಹೋಗಿಬಂದ ಆಟೋ ಬಾಡಿಗೆ ಎಲ್ಲವನ್ನೂ ಪಾಲಕರು "ಇತರೆ" ಎಂಬ ಒಂದೇ ಶೀರ್ಷಿಕೆಯಡಿ ಬರೆದು, ಇತರೆಯನ್ನು ಕೂಡದೆಯೇ ಲಾಭ ತೋರಿಸುತ್ತಾರೆ. "ಆ ಮೊಟ್ಟೆ ತಿನ್ನೋ ಬದ್ಲು ಒಂದೊಂದು ಬೆಳ್ಳಿ ಬಿಲ್ಲೆ ನುಂಗಿದ್ರೂ ಕಮ್ಮಿ ಬೀಳ್ತಿತ್ತು" ಎಂಬುದು ಅವರ ಮನೆಯವರ ಅಭಿಪ್ರಾಯವಾಗಿದ್ದು, ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇದರಲ್ಲಿ ತಿದ್ದಬೇಕಾದದ್ದೇನೂ ಕಾಣುವುದಿಲ್ಲ.

ಎರಡನೆಯ ಲಕ್ಷಣವು ಹೆಸರಿಡುವಿಕೆ. ಗೂಡಿನಲ್ಲಿರುವ ಆರು ಹೇಂಟೆಗಳಲ್ಲಿ ಎರಡು ನಾಟಿ, ಉಳಿದವು ಗಿರಿರಾಜ ಮತ್ತು ಸ್ವರ್ಣಧಾರ. ಇವೆರಡೂ ಹಿತ್ತಿಲಿನಲ್ಲಿ ಸಾಕಲು ಅನುಕೂಲವಾಗಲೆಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿಗಳಾಗಿದ್ದು, ಮೊಟ್ಟೆಯ ಸಂಖ್ಯೆಯಲ್ಲಿ ನಾಟಿ ಕೋಳಿಯ ಎರಡು ಮೂರು ಪಟ್ಟು ಮುಂದಿರುತ್ತವೆ. ಪಾಲಕರು ಇವುಗಳಿಗೆ ಗೌರಿ, ಲಕ್ಷ್ಮಿ ಎಂಬಂತಹ ಹೆಸರುಗಳನ್ನು ಇಡದೆ ಇಲಾಖೆಯ ಹುದ್ದೆಗಳನ್ನೇ ಹಂಚಿದ್ದಾರೆ. ಎಲ್ಲಕ್ಕಿಂತ ದಪ್ಪನೆಯ, ನಡೆಯುವಾಗ ಯಾರತ್ತಲೂ ನೋಡದ ಗಿರಿರಾಜ ಹೇಂಟೆಗೆ ತಹಸೀಲ್ದಾರ್ ಎಂದು ಹೆಸರು. ಹಿರಿಯ ನಾಟಿ ಹೇಂಟೆಯು ಶಿರಸ್ತೇದಾರ್. ಉಳಿದವು ಪ್ರಥಮ ದರ್ಜೆ ಹಾಗೂ ದ್ವಿತೀಯ ದರ್ಜೆ ಸಹಾಯಕರು. ಸೇವಾವಧಿಯಲ್ಲಿ ತಮಗೆ ಕೈತಪ್ಪಿದ ಹುದ್ದೆಯನ್ನು ಕೋಳಿಗೆ ಕೊಟ್ಟು, ದಿನಕ್ಕೆರಡು ಸಲ ತಹಸೀಲ್ದಾರರಿಗೆ ಕೈಯಾರೆ ನುಚ್ಚು ಹಾಕುವುದರಲ್ಲಿ ಪಾಲಕರಿಗೆ ಯಾವ ಬಗೆಯ ತೃಪ್ತಿ ದೊರೆಯುತ್ತದೆ ಎಂಬುದು ಮನಶ್ಶಾಸ್ತ್ರಜ್ಞರ ಗಮನಕ್ಕೆ ಅರ್ಹವಾದ ವಿಷಯ. ಈ ನಾಮಕರಣವು ಶಾಸ್ತ್ರಕ್ಕೂ ದೂರವಾದುದಲ್ಲ. ನಾರ್ವೆಯ ಥಾರ್ಲೈಫ್ ಶೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸನು ಬಾಲ್ಯದಿಂದ ಕೋಳಿಗಳನ್ನು ನೋಡುತ್ತ ಬಂದು, 1920ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಹಿಂಡಿನಲ್ಲೂ ಯಾರು ಯಾರನ್ನು ಕುಕ್ಕಬಹುದು ಮತ್ತು ಯಾರು ಯಾರಿಂದ ಕುಕ್ಕಿಸಿಕೊಳ್ಳಬೇಕು ಎಂಬ ನಿಶ್ಚಿತ ಶ್ರೇಣಿ ಇರುತ್ತದೆಂದು ತೋರಿಸಿಕೊಟ್ಟನು. ತಾಲ್ಲೂಕು ಕಚೇರಿಯಲ್ಲಿ ಸೇವೆ ಸಲ್ಲಿಸಿದವರಿಗೆ ಇದನ್ನು ತಿಳಿಯಲು ನಾರ್ವೆಯವರೆಗೆ ಹೋಗಬೇಕಾಗಿಲ್ಲ.

ಪಾಲಕರ ಚಿಂತೆಗಳು ಅನೇಕವಾಗಿದ್ದು, ಅವುಗಳಲ್ಲಿ ಹದ್ದು, ಬೆಕ್ಕು, ಹೆಗ್ಗಣ, ಏಪ್ರಿಲ್ ತಿಂಗಳ ಬಿಸಿಲು ಇವು ನಿತ್ಯದವು. ಡಿಸೆಂಬರಿನಲ್ಲಿ ಹಗಲು ಹನ್ನೊಂದೂವರೆ ಗಂಟೆಗೆ ಇಳಿದಾಗ ಮೊಟ್ಟೆ ಕಡಿಮೆಯಾಗುವುದು ಋತುಮಾನದ ಚಿಂತೆ. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕಾಗುವುದರಿಂದ ಈ ಕಾಲದಲ್ಲಿ ಗೂಡಿನ ಬಲ್ಬು ಉರಿಯುತ್ತದೆ, ಪಕ್ಕದ ಮನೆಯ ಮಲಗುವ ಕೋಣೆಯೂ ಬೆಳಗುತ್ತದೆ. ನಾಟಿ ಹೇಂಟೆ ಕಾವಿಗೆ ಬಂದು, ಕೆಳಗೆ ಮೊಟ್ಟೆ ಇರಲಿ ಬಿಡಲಿ, ಈರುಳ್ಳಿಯ ಮೇಲಾದರೂ 21 ದಿನ ಕೂರುತ್ತೇನೆಂದು ಹಟ ಹಿಡಿಯುವುದು ಇನ್ನೊಂದು. ಕಾವು ಬಿಡಿಸಲು ತಣ್ಣೀರಿನಲ್ಲಿ ಅದ್ದುವ, ಮೂಗಿಗೆ ಗರಿ ಚುಚ್ಚುವ ಹಳ್ಳಿಯ ಉಪಾಯಗಳು ಪಾಲಕರಿಗೆ ಗೊತ್ತಿದ್ದರೂ, ಗರಿಯನ್ನು ಕೈಯಲ್ಲಿ ಹಿಡಿದ ಮೇಲೆ ಅವರಿಗೆ ಮನಸ್ಸು ಬರುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಕೊಕ್ಕರೆ ರೋಗದ ಭಯ. ರಾಣಿಖೇತ್ ಎಂದೂ ಕರೆಯುವ, ವೈರಸ್ಸಿನಿಂದ ಬರುವ ಈ ಸಾಂಕ್ರಾಮಿಕವು ಹೊಕ್ಕರೆ ಗೂಡನ್ನೇ ಬರಿದು ಮಾಡಬಲ್ಲದಾದ್ದರಿಂದ ಲಸಿಕೆ ಹಾಕಿಸುವುದು ಅನಿವಾರ್ಯ. ಲಸಿಕೆಯ ಅತಿ ಚಿಕ್ಕ ಸೀಸೆಯೂ 100 ಕೋಳಿಗಳಿಗೆ ಸಾಲುವಷ್ಟಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹೀಗಾಗಿ ಪಾಲಕರು ಥರ್ಮಾಸ್ ಫ್ಲಾಸ್ಕನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದು, ಮನೆಯ ಕೋಳಿಗಳಿಗೆಲ್ಲ ಹನಿ ಹಾಕಿ, ಉಳಿದ ತೊಂಬತ್ತಕ್ಕೂ ಹೆಚ್ಚು ಕೋಳಿಗಳ ಪಾಲನ್ನು ಹಿಡಿದುಕೊಂಡು ಬೀದಿಯ ಕೊನೆಯವರೆಗೆ ನಡೆದು, "ನಿಮ್ಮಲ್ಲಿ ಯಾರ ಮನೇಲಾದ್ರೂ ಕೋಳಿ ಇದ್ಯಾ ಸಾರ್?" ಎಂದು ವಿಚಾರಿಸುತ್ತಾರೆ. 2012ರ ಅಕ್ಟೋಬರಿನಲ್ಲಿ ನಗರದ ಹೊರವಲಯದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡು ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂದುದನ್ನು ಈ ವರ್ಗದವರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಹಕ್ಕಿಜ್ವರದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಇಡೀ ಬೀದಿಗೆ ಕೋಳಿ ವಿಜ್ಞಾನದಲ್ಲಿ ಆಸಕ್ತಿ ಹುಟ್ಟುತ್ತದೆ.

ಇಷ್ಟು ಹೇಳಿದ ಮೇಲೆ ಹುಂಜದ ವಿಚಾರಕ್ಕೆ ಬರಬೇಕಾಗುತ್ತದೆ. ಹೇಂಟೆಗಳು ಮೊಟ್ಟೆಯಿಡಲು ಹುಂಜ ಬೇಕಾಗಿಲ್ಲ. ಮರಿಯಾಗುವ ಮೊಟ್ಟೆಗೆ ಮಾತ್ರ ಬೇಕು. ಆದುದರಿಂದ ತಾರಸಿಯ ಮೇಲೆ ಹುಂಜವಿರುವುದಕ್ಕೆ ಶಾಸ್ತ್ರಸಮ್ಮತವಾದ ಕಾರಣವಿಲ್ಲ. ಇರುವುದು ಕೇವಲ ಇತಿಹಾಸ. ಮೊಟ್ಟೆಯ ತಳಿಗಳನ್ನು ಮರಿ ಮಾಡಿಸುವ ಕೇಂದ್ರಗಳಿಗೆ ಗಂಡುಮರಿಗಳಿಂದ ಪ್ರಯೋಜನವಿಲ್ಲದ್ದರಿಂದ ಅವು ಕಾಸಿಗೊಂದರಂತೆ ಹೊರಬಿದ್ದು, ಗುಲಾಬಿ, ಹಸಿರು, ನೀಲಿ ಬಣ್ಣಗಳಲ್ಲಿ ಅದ್ದಿಸಿಕೊಂಡು ಜಾತ್ರೆಗಳಲ್ಲೂ ಶಾಲೆಯ ಗೇಟಿನ ಮುಂದೆಯೂ ಮಾರಾಟವಾಗುತ್ತವೆ. ಪಾಲಕರ ಮೊಮ್ಮಗಳು ಹಾಗೆ ತಂದ ಗುಲಾಬಿ ಬಣ್ಣದ ಮರಿಯೊಂದು, ಇಂತಹ ಮರಿಗಳು ಸಾಮಾನ್ಯವಾಗಿ ಬದುಕುವುದಿಲ್ಲ ಎಂಬ ಎಲ್ಲರ ಸಮಾಧಾನವನ್ನೂ ಹುಸಿಮಾಡಿ ಬದುಕಿತು. ಬಣ್ಣ ಉದುರಿ ಬಿಳುಪಾಯಿತು. ಕೆಂಪು ಜುಟ್ಟು ಬೆಳೆಸಿತು. ಒಂದು ಮುಂಜಾವಿನಲ್ಲಿ, ಎಣ್ಣೆ ಕಾಣದ ಬಾವಿಯ ರಾಟೆ ತಿರುಗಿದಂತಹ ಸದ್ದನ್ನು ಹೊರಡಿಸಿ ತನ್ನ ಲಿಂಗವನ್ನು ಬೀದಿಗೆಲ್ಲ ಘೋಷಿಸಿತು. ದಿನಗೂಲಿಯಾಗಿ ಸೇರಿದ್ದು ಹೀಗೆ ಖಾಯಂ ಆಯಿತೆಂದು ಪಾಲಕರು ಇಲಾಖೆಯ ಭಾಷೆಯಲ್ಲಿ ವಿವರಿಸುತ್ತಾರೆ.

ಹುಂಜವು ಬೆಳಕು ಕಂಡು ಕೂಗುತ್ತದೆಂಬುದು ಜನರ ತಿಳಿವಳಿಕೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತಿದ್ದಿದವು: ಹುಂಜದ ದೇಹದೊಳಗೇ ಒಂದು ಗಡಿಯಾರವಿದ್ದು, ಅದು ಬೆಳಕಿಗೆ ಕಾಯದೆ, ಬೆಳಗಾಗುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಕೂಗಲು ತೊಡಗುತ್ತದೆ. ಹಲವು ಹುಂಜಗಳಿದ್ದಲ್ಲಿ ಮೊದಲು ಕೂಗುವ ಹಕ್ಕು ಅಗ್ರಶ್ರೇಣಿಯ ಹುಂಜದ್ದು, ಉಳಿದವು ಶ್ರೇಣಿಯ ಕ್ರಮದಲ್ಲಿ ಹಿಂಬಾಲಿಸುತ್ತವೆ ಎಂದು ಅದೇ ತಂಡವು 2015ರಲ್ಲಿ ತೋರಿಸಿತು. ಅತ್ತಿಗುಪ್ಪೆಯ ಈ ತಾರಸಿಯಲ್ಲಿ ಹುಂಜವು ಒಂದೇ ಆದ್ದರಿಂದ ಅದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾದ ಪ್ರಮೇಯವಿಲ್ಲ. ಮೂರೂ ಮುಕ್ಕಾಲಕ್ಕೆ ಮೊದಲ ಕೂಗು. ನಾಲ್ಕಕ್ಕೆ, ಮೊದಲ ಕೂಗು ಯಾರಿಗಾದರೂ ಕೇಳದೆ ಹೋಗಿರಬಹುದೆಂಬ ಅನುಮಾನದಿಂದ, ಎರಡನೆಯದು. ಆ ಬಳಿಕ ಬಾಡಿಗೆದಾರರ ಮೊಬೈಲ್ ಅಲಾರಮ್ಮಿಗೊಂದು, ಹಾಲಿನವನ ಗಾಡಿಗೊಂದು, 2015ರ ನವೆಂಬರಿನಿಂದ ಅತ್ತಿಗುಪ್ಪೆಯ ಎತ್ತರಿಸಿದ ಮಾರ್ಗದಲ್ಲಿ ಓಡುತ್ತಿರುವ ಮೆಟ್ರೋದ ಮೊದಲ ರೈಲಿಗೊಂದು. ಶಬ್ದ ಮಾಲಿನ್ಯಕ್ಕೆ ಸಂಬಂಧಿಸಿದ 2000ದ ಕೇಂದ್ರ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಕೂಗುವ ಹುಂಜದ ಹತ್ತಿರ ಅಳೆದರೆ ಅದು 100 ಡೆಸಿಬಲ್ ದಾಟುತ್ತದೆ. ಹೀಗಿದ್ದೂ ಹುಂಜಕ್ಕೆ ಕಿವುಡು ಬಾರದಿರುವುದು ಹೇಗೆಂದು ಬೆಲ್ಜಿಯಂನ ಸಂಶೋಧಕರು 2018ರಲ್ಲಿ ವಿವರಿಸಿದ್ದಾರೆ: ಕೊಕ್ಕನ್ನು ಪೂರ್ತಿ ತೆರೆದಾಗ ಕಿವಿಯ ನಾಳ ಮುಚ್ಚಿಕೊಂಡು, ತನ್ನ ಕೂಗಿನ ಪೂರ್ಣ ಬಲವು ತನಗೇ ತಟ್ಟದಂತೆ ತಡೆಯುತ್ತದೆ. ದೀರ್ಘಕಾಲದ ಸಹವಾಸದಿಂದ ಇಂಥದೇ ವ್ಯವಸ್ಥೆಯು ಪಾಲಕರ ಕಿವಿಯಲ್ಲೂ ಬೆಳೆದಿರುವಂತೆ ಕಾಣುತ್ತದೆ. ದೂರು ಹೇಳಿಕೊಂಡು ಬಂದವರಿಗೆ ಅವರು ಕೊಡುವ ಉತ್ತರ ಒಂದೇ: "ನಮ್ಮ ಹುಡುಗ ಸ್ವಲ್ಪ ಬೇಗ ಏಳ್ತಾನೆ ಸಾರ್, ಅಷ್ಟೇ."

ದೂರುಗಳು ಲಿಖಿತ ರೂಪ ತಾಳಿದ ಮೇಲೆ ಪಾಲಕರು ಪರಿಹಾರಕ್ಕೆ ಕೈಹಾಕಿದರೆಂಬುದನ್ನು ನ್ಯಾಯದೃಷ್ಟಿಯಿಂದ ದಾಖಲಿಸಬೇಕು. ಮೊದಲು ಹುಂಜದ ಮೇಲೆ ಮಂಕರಿಯನ್ನು ಕವುಚಿದರು. ಕೂಗು ಬಿದಿರಿನ ಸಂದುಗಳಿಂದ ಸಲೀಸಾಗಿ ಹೊರಬಂದಿತು. ಕತ್ತು ನೀಡದೆ ಹುಂಜ ಕೂಗಲಾರದೆಂಬ ಹಳ್ಳಿಯ ಅನುಭವದ ಆಧಾರದ ಮೇಲೆ ಮಾಡು ತಗ್ಗಿಸಿದ ಪೆಟ್ಟಿಗೆ ಮಾಡಿಸಿದರು. ಹುಂಜವು ಕತ್ತನ್ನು ಮೇಲಕ್ಕೆ ನೀಡುವ ಬದಲು ಮುಂದಕ್ಕೆ ನೀಡುವುದನ್ನು ಕಲಿಯಿತು. ಬಳಿಕ ಮೆಟ್ಟಿಲ ಹೆಡ್‌ರೂಮಿನಲ್ಲಿ, ಅಂದರೆ ತಾರಸಿಗೆ ಹತ್ತುವ ಮೆಟ್ಟಿಲಿನ ಮೇಲಿನ ಪುಟ್ಟ ಕೋಣೆಯಲ್ಲಿ ಕೂಡಿಹಾಕಲಾಗಿ, ಕೂಗು ಮೆಟ್ಟಿಲಿಳಿದು ಬಾಡಿಗೆದಾರರ ಬಾಗಿಲಿಗೇ ಹೋಯಿತು. ನೆಲ ಅಂತಸ್ತಿನವರು ಮುಂಗಡ ವಾಪಸು ಕೇಳಿದರು. ಕೊನೆಗೆ, ಕತ್ತಲಿದ್ದರೆ ರಾತ್ರಿಯೆಂದು ತಿಳಿಯಬಹುದೆಂಬ ತರ್ಕದ ಮೇಲೆ, ಉಪಯೋಗ ತಪ್ಪಿದ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕೊಂದಕ್ಕೆ ಬಾಗಿಲು ಕೊರೆಸಿ, ಒಳಗೆ ಹೊಟ್ಟು ಹಾಸಿ, ಹುಂಜವನ್ನು ಅದರಲ್ಲಿ ಮಲಗಿಸಲಾಯಿತು. ನಗೋಯಾದ ಸಂಶೋಧನೆಯನ್ನು ಪಾಲಕರು ಓದಿರಲಿಲ್ಲ; ಹುಂಜಕ್ಕೆ ಅದು ಹುಟ್ಟಿನಿಂದಲೇ ಗೊತ್ತಿತ್ತು. ಆ ಮುಂಜಾನೆ ಮೂರೂ ಮುಕ್ಕಾಲಕ್ಕೆ ಟ್ಯಾಂಕಿನ ಒಳಗೋಡೆಗಳಿಗೆ ಬಡಿದು, ದುಂಡಗಾಗಿ, ದಪ್ಪವಾಗಿ, ಮುಚ್ಚಳದ ತೂತಿನಿಂದ ಮೇಲೆದ್ದ ಕೂಗು ಮೂರು ಬೀದಿಯಾಚೆಯ ನಾಯಿಗಳನ್ನೂ ಎಬ್ಬಿಸಿತೆಂದೂ, ಅದಕ್ಕೆ ಮೊದಲು ಹುಂಜದ ಸುದ್ದಿಯನ್ನೇ ಕೇಳಿರದ ಜನ ಯಾವ ಹಬ್ಬಕ್ಕೆ ಮೈಕು ಕಟ್ಟಿದ್ದಾರೆಂದು ವಿಚಾರಿಸಿದರೆಂದೂ ತಿಳಿದುಬರುತ್ತದೆ. ಅಂದು ಪ್ರಬಂಧಕಾರನು ನೈಟ್‌ಡ್ರೆಸ್ಸಿನಲ್ಲಿಯೇ ತನ್ನ ತಾರಸಿ ಹತ್ತಿ, ಎರಡು ಮಾರು ಅಂತರದಲ್ಲಿ ನಿಂತು, ಪೌರಪ್ರಜ್ಞೆಯನ್ನು ಕುರಿತು ಮಾಡಿದ ಭಾಷಣವು ಸುದೀರ್ಘವೂ ಸುಸಂಬದ್ಧವೂ ಆಗಿತ್ತು. ಅದನ್ನು ಕೊನೆಯವರೆಗೆ ಕೇಳಿದ್ದು ಹುಂಜವೊಂದೇ.

ವಾದದಲ್ಲಿಯೂ ಈ ವರ್ಗದವರನ್ನು ಸೋಲಿಸುವುದು ಕಷ್ಟ. ಫ್ರಾನ್ಸಿನ ಓಲೆರಾನ್ ದ್ವೀಪದ ಮಾರಿಸ್ ಎಂಬ ಹುಂಜದ ಮೇಲೆ ನೆರೆಯವರು ಹೂಡಿದ ದಾವೆಯನ್ನು 2019ರಲ್ಲಿ ನ್ಯಾಯಾಲಯವು ತಳ್ಳಿಹಾಕಿದ ಸುದ್ದಿಯ ತುಣುಕನ್ನು ಪಾಲಕರು ಲೆಕ್ಕದ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾರೆ. ಹುಂಜವು ಬಿಳಿ ಲೆಗ್‌ಹಾರ್ನ್, ಅಂದರೆ ಇಟಲಿಯ ಲಿವೊರ್ನೊ ಬಂದರಿನ ಹೆಸರಿನ ವಿದೇಶಿ ತಳಿ, ಇದಕ್ಕೆ ಇಲ್ಲೇನು ಕೆಲಸವೆಂದು ಕೇಳಿದರೆ, ಅದರ ಹಳದಿ ಕಾಲನ್ನು ತೋರಿಸುತ್ತಾರೆ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ ಹಳದಿ ಚರ್ಮದ ಗುಣ ಮಾತ್ರ ಪಶ್ಚಿಮ ಘಟ್ಟ ಸೇರಿದಂತೆ ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದಿದೆಯೆಂದು 2008ರ ವಂಶವಾಹಿ ಅಧ್ಯಯನವೊಂದು ತಿಳಿಸಿರುವುದರಿಂದ, "ಮೈ ಇಟಲಿದಾದ್ರೂ ಕಾಲು ನಮ್ಮ ಕಡೇದು ಸಾರ್" ಎಂಬ ಅವರ ಮಾತನ್ನು ಅಲ್ಲಗಳೆಯುವುದು ಸಾಧ್ಯವಾಗುವುದಿಲ್ಲ. ಕನ್ನಡ ಸಾಹಿತ್ಯದ ಇತಿಹಾಸವೂ ಅವರ ಪಕ್ಷದಲ್ಲಿಯೇ ಇದೆ. ಜನ್ನ ಕವಿಯು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ, ಜೀವಹಿಂಸೆ ಬೇಡವೆಂದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಟ್ಟಾಗ ಅದು ಕೂಗುತ್ತದೆ. ಕೊಟ್ಟ ರಾಜನೂ ಕೊಡಿಸಿದ ತಾಯಿಯೂ ಅನೇಕ ಪ್ರಾಣಿಜನ್ಮಗಳನ್ನು ಹಾಯ್ದು ಕೊನೆಗೆ ಕೋಳಿಗಳಾಗಿಯೂ ಹುಟ್ಟಬೇಕಾಗುತ್ತದೆ. ಹಿಟ್ಟಿನ ಕೋಳಿಯ ಬಾಯನ್ನೇ ಕಟ್ಟಲಾಗದ ನಾಡಿನಲ್ಲಿ ನಿಜವಾದ ಹುಂಜದ ಮೇಲೆ ಅರ್ಜಿ ಗುಜರಾಯಿಸುವವನು ಮುಂದಿನ ಜನ್ಮದ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಅರ್ಜಿಯ ಕುರಿತು ಇನ್ನೊಂದು ತೊಡಕಿದೆ. ಪ್ರತಿ ಅರ್ಜಿಯ ಮರುದಿನ, ಪಾಲಕರ ಮನೆಯವರು ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಮೊಟ್ಟೆಗಳನ್ನು ತಂದು, "ಮಕ್ಕಳಿಗೆ ಕೊಡಿ, ನಾಟಿದು" ಎಂದು ಬಾಗಿಲಲ್ಲಿಟ್ಟು ಹೋಗುತ್ತಾರೆ. ಆ ಮೊಟ್ಟೆಯ ಹಳದಿಯು ಅಂಗಡಿಯ ಮೊಟ್ಟೆಯದಕ್ಕಿಂತ ಗಾಢವಾಗಿರುವುದಕ್ಕೆ ಅವುಗಳಿಗೆ ಹಾಕುವ ಸೊಪ್ಪು ಮತ್ತು ಮುಸುಕಿನ ಜೋಳದಲ್ಲಿರುವ ವರ್ಣದ್ರವ್ಯಗಳೇ ಕಾರಣವೆಂಬುದು ಗೊತ್ತಿದ್ದೂ, ಆಮ್ಲೆಟ್ಟಿನ ಮುಂದೆ ಕುಳಿತಾಗ ನಾಗರಿಕ ಹಕ್ಕುಗಳ ಪ್ರಶ್ನೆ ಅಷ್ಟು ತುರ್ತಾಗಿ ತೋರುವುದಿಲ್ಲ. ಪ್ರಬಂಧಕಾರನ ಅರ್ಜಿಗಳು ಈಚೆಗೆ ಪದೇ ಪದೇ ಸಲ್ಲಿಕೆಯಾಗುತ್ತಿರುವುದು ಹುಂಜದ ಕಾರಣಕ್ಕೋ ಡಬ್ಬಿಯ ಕಾರಣಕ್ಕೋ ಎಂದು ಅವನ ಮನೆಯಲ್ಲಿಯೇ ಚರ್ಚೆ ನಡೆದಿದೆ.

ಪಾಲಕರ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಮಾತ್ರ ಉಳಿದವುಗಳಂತಿಲ್ಲ. ಅದು ಶಿರಸ್ತೇದಾರ್ ಎಂಬ ಹಿರಿಯ ನಾಟಿ ಹೇಂಟೆಯದು. ಹೇಂಟೆಯು ಮೊದಲ ಒಂದೆರಡು ವರ್ಷ ಚೆನ್ನಾಗಿ ಮೊಟ್ಟೆಯಿಟ್ಟು ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತದೆ. ಆದರೆ ಆಯುಷ್ಯ ಅಷ್ಟಕ್ಕೇ ಮುಗಿಯದೆ ಇನ್ನೂ ಹಲವು ವರ್ಷ ಬದುಕಬಲ್ಲದು. ವಾಣಿಜ್ಯ ಫಾರಮುಗಳು ಒಂದೂವರೆ ವರ್ಷ ಕಳೆಯುತ್ತಿದ್ದಂತೆ ಈ ವ್ಯತ್ಯಾಸವನ್ನು ಬಗೆಹರಿಸಿಕೊಳ್ಳುತ್ತವೆ. ಹಳ್ಳಿಯಲ್ಲಿ ಅದನ್ನು ಬಗೆಹರಿಸಲು ಭಾನುವಾರವೂ ಮುದ್ದೆಯೂ ಇವೆ. ಪಾಲಕರು ಸಸ್ಯಾಹಾರಿಗಳಲ್ಲ; ಬೀಗರ ಮನೆಯ ನಾಟಿ ಕೋಳಿ ಸಾರನ್ನು ಮನಸಾರೆ ಹೊಗಳುವವರು, ವಾರಕ್ಕೊಮ್ಮೆ ಕೋಳಿ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಲ್ಲುವವರು. ಹಾಗಿದ್ದೂ ಶಿರಸ್ತೇದಾರರ ಪುಟದಲ್ಲಿ ಆದಾಯದ ಕಾಲಮಿಗೆ ಬಹಳ ಕಾಲದಿಂದ ಅಡ್ಡಗೆರೆ ಬೀಳುತ್ತಿದ್ದು, ವೆಚ್ಚದ ಕಾಲಮಿನಲ್ಲಿ ನೆನೆಸಿದ ರಾಗಿ, ಮೊಸರನ್ನ ಎಂಬ ನಮೂದುಗಳು ನಿಲ್ಲದೆ ಮುಂದುವರಿದಿವೆ. ಹೊಸದಾಗಿ ಬಂದ ಸ್ವರ್ಣಧಾರ ಹೇಂಟೆಗಳು ಶ್ರೇಣಿಯಲ್ಲಿ ಮೇಲೇರಿ ಅದನ್ನು ಕುಕ್ಕತೊಡಗಿದಾಗ, ಪಾಲಕರು ಅದಕ್ಕೆ ಕರಿಬೇವಿನ ಕುಂಡದ ಹಿಂದೆ ಪ್ರತ್ಯೇಕ ತಟ್ಟೆ ಹಾಕಿ, ತಿಂದು ಮುಗಿಯುವವರೆಗೆ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿರುತ್ತಾರೆ. ಇದಕ್ಕೆ ಕಾರಣ ಕೇಳಿದಾಗ, "ಸರ್ವೀಸ್ ಮಾಡಿದ್ದಾಳೆ ಸಾರ್, ಪೆನ್ಷನ್ ಕೊಡ್ದೆ ಇರಕ್ಕಾಗುತ್ತಾ?" ಎಂದಷ್ಟೇ ಹೇಳಿದ್ದುಂಟು. ಒಂದು ಮನೆಯ ಯೋಗ್ಯತೆಯನ್ನು ಅಲ್ಲಿ ದುಡಿಯುವವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಿಂದ ಅಳೆಯುವುದಕ್ಕಿಂತ, ದುಡಿಮೆ ನಿಂತವರಿಗೆ ತಟ್ಟೆ ಎಲ್ಲಿ ಹಾಕುತ್ತಾರೆ, ಪಕ್ಕದಲ್ಲಿ ಯಾರಾದರೂ ಕೂರುತ್ತಾರೆಯೇ ಎಂಬುದರಿಂದ ಅಳೆಯುವುದು ಹೆಚ್ಚು ನ್ಯಾಯವಾದೀತು. ವಿದೇಶದಲ್ಲಿರುವ ಮಗ ವಾರಕ್ಕೊಮ್ಮೆ ಫೋನಿನಲ್ಲಿ "ಅಪ್ಪಾ, ಇದೆಲ್ಲಾ ಯಾಕೆ ಬೇಕು ನಿಮಗೆ?" ಎಂದು ಕೇಳುವಾಗ, ಇಲಾಖೆಯಲ್ಲಿ ಸಾವಿರಾರು ಕಡತಗಳಿಗೆ ಟಿಪ್ಪಣಿ ಬರೆದ ಈ ಮನುಷ್ಯನಿಗೆ ಉತ್ತರ ಬರೆಯಲು ಗೊತ್ತಿಲ್ಲವೆಂದಲ್ಲ, ಆ ಉತ್ತರಕ್ಕೆ ಬೇಕಾದ ಕಾಲಮು ಪುಸ್ತಕದಲ್ಲಿಲ್ಲ.

ಆದರೆ ಈ ಉದಾರ ತತ್ತ್ವವನ್ನು ಹುಂಜಕ್ಕೂ ವಿಸ್ತರಿಸುವ ಪ್ರಯತ್ನವನ್ನು ಇಲ್ಲಿ ಸ್ಪಷ್ಟವಾಗಿ ವಿರೋಧಿಸಬೇಕಾಗಿದೆ. ಅದನ್ನು ನಾಗಮಂಗಲದ ಕಡೆಯ ತಮ್ಮನ ತೋಟಕ್ಕೆ ವರ್ಗಾಯಿಸುವುದಾಗಿ ಪಾಲಕರು ಬೀದಿಯ ಹಿರಿಯರ ಮುಂದೆ ಮಾತು ಕೊಟ್ಟಿದ್ದಾರೆ. ಆಷಾಢ ಕಳೆಯಲಿ ಎಂದರು, ಕಳೆಯಿತು. ಗೌರಿ ಹಬ್ಬ ಆಗಲಿ ಎಂದರು, ಆಯಿತು. ಈಗ, "ಪಕ್ಷಕ್ಕೆ ಮುಂಚೆ ಕಳಿಸಿದ್ರೆ ಎಡೆಗೆ ಕುಯ್ದುಬಿಡ್ತಾರೆ ಸಾರ್, ನಮ್ಮ ತಮ್ಮ ಕೇಳೋನಲ್ಲ" ಎಂದು, ಹಿರಿಯರ ಹಬ್ಬವಾದ ಪಿತೃಪಕ್ಷ ಮುಗಿಯುವವರೆಗೆ ಕಾಲಾವಕಾಶ ಕೋರಿದ್ದಾರೆ. ಪಕ್ಷ ಮುಗಿದ ಮೇಲೆ ಮಾರಿಹಬ್ಬ ಬರುತ್ತದೆಂಬುದು ಅವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಶಿರಸ್ತೇದಾರರಿಗೆ ಸಲ್ಲುವ ಪೆನ್ಷನ್ನು ಸೇವೆ ಮುಗಿಸಿದವರದ್ದು. ಹುಂಜವು ಸೇವೆಯನ್ನು ಮುಗಿಸುವುದಿರಲಿ, ಒಂದು ದಿನದ ಸಾಂದರ್ಭಿಕ ರಜೆಯನ್ನೂ ಪಡೆದ ದಾಖಲೆಯಿಲ್ಲ. ಆದ ಕಾರಣ ಅದರ ವರ್ಗಾವಣೆಯನ್ನು ಒತ್ತಾಯಿಸುವ ಇನ್ನೊಂದು ಅರ್ಜಿಯನ್ನು ನಾಳೆಯೇ ಸಲ್ಲಿಸುವುದು ಉಚಿತವೆಂದು ಭಾವಿಸಲಾಗಿದೆ. ಮನೆಯಲ್ಲಿ ಮೊಟ್ಟೆಯೂ ಮುಗಿದಿದೆ.